ಅಪ್ಪ ಕಲಿತ ಇಂಗ್ಲಿಷ್

ಬಸ್ಸುಗಳು ಪೆಟ್ರೋಲಿಲ್ಲದೆ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಯುದ್ಧದ ಕಾಲ ಅದು. ಉದ್ದನಪಲ್ಲಿಯ ನಮ್ಮ ಮನೆ ಮುಂದೆ ಹುಡುಗಿಯರೆಲ್ಲ ಒಂದೇ ಹಗ್ಗದೊಳಗೆ ಸೇರಿಕೊಂಡು ಬಸ್ಸಾಟ ಆಡುತ್ತಿದ್ದೆವು. ಹೊಂಗೆ ಎಲೆಯೇ ಟಿಕೇಟು, ನಾನೇ ಕಂಡಕ್ಟರು. ದೂರ ಎಂದರೆ ನಮಗೆ ಕೂಗಳತೆ, ಇಲ್ಲವೇ ಹರದಾರಿ. ಮೈಲಿಯ ಗೊಡವೆ ನಮಗೆ ಬೇಕಿರಲಿಲ್ಲ.

ಆ ವರ್ಷ ಅವರೆಕಾಯಿ ಕಾಲದಲ್ಲಿ ರಜೆಗೆ ಬಂದ ಸಿಪಾಯಿಯೊಬ್ಬ ಸುದ್ದಿ ತಂದ. ಮಿಲಿಟರಿಗೆ ಸೇರಿದ್ದ ನಮ್ಮಣ್ಣ ಗಾಯಗೊಂಡು ಬೆಂಗಳೂರಿನ ಆಸ್ಪತ್ರೆಯಲ್ಲಿದ್ದಾನೆ, ಅಪ್ಪನನ್ನು ನೋಡಬೇಕೆನ್ನುತ್ತಿದ್ದಾನೆ ಎಂದ.

"ಇವತ್ತೇ ಹೊಂಡು," ಅಂದಳು ಅಮ್ಮ.

"ಸುಮ್ಕಿರೇ. ಅದು ದೊರೆಗಳ ಜಾಗ. ಕನ್ನಡದಾಗೆ ಕೇಳುದ್ರೆ ಗೇಟೊಳೀಕೇ ಬಿಡಾಕಿಲ್ಲ. ನಾಕು ಮಾತು ಕಲ್ತ್ಕೊಂಡು ಹೋಯ್ತೀನಿ," ಅಂದ ಅಪ್ಪ.

ಕನ್ನಡ, ತೆಲುಗು, ತಮಿಳು ಮೂರರಲ್ಲೂ ಎತ್ತಿನ ವ್ಯಾಪಾರ ಕುದುರಿಸುವ ಗಟ್ಟಿಗ ಅವನು. ಇಂಗ್ಲಿಷ್ ಎಂದರೆ ಮಾತ್ರ ದೂರ ಓಡುತ್ತಿದ್ದ. ಮತ್ತಿಗಿರಿಯಲ್ಲಿ ದೊರೆಗಳ ಕುದುರೆ ತೊಳೆದು ಬಂದಿದ್ದ ಮುನಿಯಪ್ಪಮಾವ ಗುರುವಾದ. ಒಳಗೆ ಹಿತಕಿದ ಬೇಳೆಯ ಸಾರು ಘಮ್ಮೆನ್ನುತ್ತಿದ್ದರೆ, ಜಗಲಿಯ ಮೇಲೆ ಪಾಠ ನಡೆಯುತ್ತಿತ್ತು.

"ವೇರ್ ಡಸ್ ದಿಸ್ ಬಸ್ ಗೋ, ಸರ್?" ಅಂದರೆ ಈ ಬಸ್ಸು ಎಲ್ಲಿಗೆ ಹೋಗುತ್ತೆ. "ಹೌ ಫಾರ್, ಸರ್?" ಅಂದರೆ ಎಷ್ಟು ದೂರ. "ಹೌ ಮೆನಿ ಮೈಲ್ಸ್, ಸರ್?" ಅಂದರೆ ಎಷ್ಟು ಮೈಲಿ.

ಹುಲ್ಲು ಹಾಕುವಾಗ ಅಪ್ಪ ಎತ್ತನ್ನೂ ಸರ್ ಎನ್ನುತ್ತಿದ್ದ. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅಮ್ಮ ನಗುತ್ತಿರಲಿಲ್ಲ. "ಹೆತ್ತ ಮಗನ್ನ ನೋಡಾಕೆ ಯಾವ ಇಂಗ್ಲೀಸು ಬೇಕು? ಹೋಗು ಅಂತೀನಿ," ಎಂದು ಗೋಗರೆಯುತ್ತಿದ್ದಳು. ನಾಳೆ, ನಾಳಿದ್ದು ಎನ್ನುತ್ತ ವಾರ ಉರುಳಿತು. ಪ್ರಶ್ನೆಗಳೆಲ್ಲ ಬಾಯಿಪಾಠವಾದವು. ಉತ್ತರ ಅರ್ಥ ಮಾಡಿಕೊಳ್ಳುವುದನ್ನು ಮಾವ ಕಲಿಸಲಿಲ್ಲ, ಕಲಿಯಬೇಕೆಂದು ಅಪ್ಪನಿಗೂ ಹೊಳೆಯಲಿಲ್ಲ.

ಕೊನೆಗೆ ಹೊರಟಾಗ ನನ್ನನ್ನೂ ಕರೆದುಕೊಂಡ. ಅಣ್ಣನಿಗೆ ನನ್ನ ಮೇಲೆ ಬಲು ಪ್ರೀತಿ. ಅಮ್ಮ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿ, "ನಿಮ್ಮಣ್ಣನ ಕೈಗೇ ಕೊಡಮ್ಮಿ," ಎಂದಳು. ದಿಬ್ಬ ಬಂದಾಗಲೆಲ್ಲ ಬಸ್ಸು ನಿಲ್ಲುತ್ತಿತ್ತು, ಎಲ್ಲರೂ ಇಳಿದು ತಳ್ಳುತ್ತಿದ್ದೆವು. ಕಂಡಕ್ಟರು ತೆಲುಗಿನವನು. ಆಸ್ಪತ್ರೆಯ ಗೇಟಿನಲ್ಲಿದ್ದವನು ತಮಿಳಿನವನು, ಅಣ್ಣನ ಹೆಸರು ಕೇಳಿ, ಡಾಕ್ಟರಿಗೆ ಹೇಳಿಕಳಿಸಿ, ಒಳಗೆ ಬಿಟ್ಟೇಬಿಟ್ಟ. ಅಪ್ಪನ ಇಂಗ್ಲಿಷ್ ದಾರಿಯಲ್ಲಿ ಎಲ್ಲೂ ಬೇಕಾಗಲಿಲ್ಲ.

ಫಿನಾಯಿಲ್ ನಾರುವ ಪಡಸಾಲೆಯಲ್ಲಿ ಬಿಳಿಯ ಡಾಕ್ಟರೊಬ್ಬರು ಬಂದು ಅಪ್ಪನ ಹೆಗಲ ಮೇಲೆ ಕೈಯಿಟ್ಟರು. ಮೆಲ್ಲನೆ ಏನೋ ಹೇಳಿದರು. ಅಪ್ಪನ ಮುಖ ಅರಳಿತು. ಅಣ್ಣ ಮಲಗಿರುವ ಕೋಣೆ ತೋರಿಸುತ್ತಿದ್ದಾರೆ ಎಂದುಕೊಂಡ. ಕೈ ಮುಗಿದು ನಗುತ್ತಾ ಕೇಳಿದ:

"ಹೌ ಫಾರ್, ಸರ್?"

ಡಾಕ್ಟರು ಅಪ್ಪನ ಮುಖವನ್ನೇ ದಿಟ್ಟಿಸಿದರು. ತನ್ನ ಉಚ್ಚಾರ ಸರಿಯಿಲ್ಲವೇನೋ ಎಂದು ಅಪ್ಪ ಇನ್ನೂ ಗಟ್ಟಿಯಾಗಿ, "ಹೌ ಮೆನಿ ಮೈಲ್ಸ್, ಸರ್?" ಎಂದ.

ಅವರು ಕಣ್ಣು ತಪ್ಪಿಸಿದರು. ನೆಲ ಒರೆಸುತ್ತಿದ್ದ ಮುದುಕ ಬಟ್ಟೆ ಕೆಳಗಿಟ್ಟು ಎದ್ದು ಬಂದು, "ಉಂಗ ಪೈಯನ್ ನೇತ್ತೇ ಸೆತ್ತುಪೋಯಿಟ್ಟಾನ್ ಅಯ್ಯಾ," ಎಂದ. ಅಣ್ಣ ಹಿಂದಿನ ದಿನವೇ ತೀರಿಕೊಂಡಿದ್ದ. ಮಣ್ಣೂ ಮಾಡಿಯಾಗಿತ್ತು.

ಮನೆ ಮುಟ್ಟಿದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದಳು. "ಹೆಂಗವ್ನೆ?" ಎಂದಳು. ಅಪ್ಪ ಹಾಗೇ ಗೋಡೆಗೆ ಒರಗಿ ಕುಸಿದ. ಹೇಳಬೇಕಾದವಳು ನಾನೇ ಆದೆ.

"ಅಣ್ಣ ಇಲ್ಲ ಕಣಮ್ಮ," ಅಂದೆ.

ಅಂದಿನಿಂದ ನಾನು ಹೊರಗಿನಿಂದ ಮನೆಗೆ ಬಂದಾಗಲೆಲ್ಲ ಅಮ್ಮ ಬೆಚ್ಚಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಸಾಯುವವರೆಗೂ ಹಾಗೆಯೇ ನೋಡಿದಳು. ನಮ್ಮ ಮನೆ ಅಣ್ಣನನ್ನು ಕಳೆದುಕೊಂಡದ್ದು ಊರಿಗೆಲ್ಲ ಗೊತ್ತು. ನನ್ನನ್ನು ಕಂಡರೆ ಅಮ್ಮನ ಮುಖದಲ್ಲಿ ಮೂಡುತ್ತಿದ್ದ ನಗು ಅವತ್ತೇ ಹೋಯಿತೆನ್ನುವುದು ನನಗೊಬ್ಬಳಿಗೇ ಗೊತ್ತು.