ಉಸಿರು ಹಿಡಿದವಳ ಸಹಿ

ಮೊದಲೇ ಹೇಳಿಬಿಡುತ್ತೇನೆ, ನಾವು ಗಂಡ ಹೆಂಡತಿ ಜಗಳವಾಡಿರಲಿಲ್ಲ. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಕಳೆದ ವರ್ಷ ನಮ್ಮ ಬಗ್ಗೆ ಹಬ್ಬಿದ ಸುದ್ದಿಯೆಲ್ಲ ಶುದ್ಧ ಸುಳ್ಳು. ನಾನು ಉಸಿರು ಹಿಡಿದುಕೊಂಡಿದ್ದೆ, ಅಷ್ಟೇ.

ನನಗೆ ನಲವತ್ತಾರು. ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಳ್ಳದೆ, ಒಂದೇ ಉಸಿರಿನಲ್ಲಿ ಸಮುದ್ರದ ಆಳಕ್ಕೆ ಇಳಿದು ಮೇಲೆ ಬರುವ ಆಟವೊಂದಿದೆ. ಅಂಡಮಾನಿಗೆ ಪ್ರವಾಸ ಹೋದಾಗ ಅದರ ರುಚಿ ಹತ್ತಿತು. ಆಮೇಲೆ ಸಿಕ್ಕ ರಜೆಯೆಲ್ಲ ಅಲ್ಲೇ ಕಳೆದು ಕಲಿತೆ. ಕೊನೆಗೆ ನಮ್ಮ ದೇಶದ ಹೆಂಗಸರ ದಾಖಲೆಗಿಂತ ಒಂದು ಮೀಟರ್ ಹೆಚ್ಚು ಇಳಿದು ಬರಬೇಕೆಂಬ ಹಟ ಹಿಡಿದು ಕೂತೆ. "ದಾವಣಗೆರೆಯಾಗೆ ಸಮುದ್ರ ಎಲ್ಲೈತ್ರಿ ಮೇಡಂ?" ಎಂದು ಸ್ಟಾಫ್ ರೂಮಿನಲ್ಲಿ ನಕ್ಕರು. ನಗಲಿ. ಸಮುದ್ರ ಇಲ್ಲದಿದ್ದರೇನು, ಎದೆಗೂಡು ನನ್ನ ಹತ್ತಿರವೇ ಇದೆಯಲ್ಲ!

ನನ್ನ ತವರು ಹರಿಹರ. ಅಲ್ಲಿ ಹೊಳೆಯೇನೋ ಇದೆ, ಆದರೆ ಬೇಸಿಗೆಯಲ್ಲಿ ಮೊಣಕಾಲಿಗೆ ಬರುತ್ತದೆ, ಮಳೆಗಾಲದಲ್ಲಿ ಕೆಂಪಗೆ ನುಗ್ಗುತ್ತದೆ. ಕೊಂಡಜ್ಜಿ ಕೆರೆಯಲ್ಲಿ ಇಳಿದು ನೋಡಿದೆ, ಕೈಗೆ ಕೆಸರು ಬಂತು. ಹಾಗಾಗಿ ಅಭ್ಯಾಸವೆಲ್ಲ ನೆಲದ ಮೇಲೆ. ಎದೆ ತುಂಬ ಉಸಿರು ತೆಗೆದುಕೊಂಡು, ಬಾಯಿ ಮುಚ್ಚಿ, ಆದಷ್ಟು ಹೆಜ್ಜೆ ನಡೆಯುವುದು. ಸಾಕಾದಾಗ ನಿಂತು ಸುಧಾರಿಸಿಕೊಂಡು ಮತ್ತೆ ನಡೆಯುವುದು. ಇದನ್ನು ಒಬ್ಬರೇ ಮಾಡಬಾರದು, ತಲೆ ಸುತ್ತಿ ಬಿದ್ದರೆ ಹಿಡಿಯಲು ಜನ ಬೇಕು. ಹರಿಹರದಲ್ಲಿ ಲೇತ್ ವರ್ಕ್‌ಶಾಪ್ ನಡೆಸುವ ನನ್ನ ಗಂಡ ಆ ಕೆಲಸಕ್ಕೆ ಒಪ್ಪಿಕೊಂಡರು. ದಿನಾ ಬೆಳಿಗ್ಗೆ ವರ್ಕ್‌ಶಾಪಿಗೆ ಹೋಗುವ ಮುಂಚೆ ಕೈಯಲ್ಲಿ ಗಡಿಯಾರ ಹಿಡಿದು ನನ್ನ ಹಿಂದೆ ನಾಲ್ಕು ಹೆಜ್ಜೆ ಅಂತರದಲ್ಲಿ ಬರುತ್ತಿದ್ದರು.

ನಮ್ಮ ಬಡಾವಣೆಯಲ್ಲಿ ಬಾಯಿ ಮುಚ್ಚಿಕೊಂಡು ಹತ್ತು ಮನೆ ದಾಟುವುದು ಸುಲಭವಲ್ಲ. ಗೇಟಿನಲ್ಲಿ ನಿಂತವರು "ಟಿಫಿನ್ ಆತೇನ್ರಿ?" ಅನ್ನುತ್ತಾರೆ, ಸ್ಕೂಟರಿನವರು ನಿಧಾನ ಮಾಡಿ "ಎಲ್ಲಿಗೆ ಹೊಂಟ್ರಿ?" ಅನ್ನುತ್ತಾರೆ. ನಾನು ಹೆಜ್ಜೆ ಎಣಿಸುತ್ತ ಹೋಗುತ್ತಿದ್ದೆ. ಹಿಂದೆ ಬರುತ್ತಿದ್ದ ಗಂಡನ ಕಣ್ಣು ಗಡಿಯಾರದ ಮೇಲೆ. ಬೀದಿಗೆ ಕಂಡದ್ದು ಇಷ್ಟು: ಮುಖ ಊದಿಸಿಕೊಂಡು ಮುಂದೆ ಹೋಗುವ ಹೆಂಡತಿ, ತಲೆ ತಗ್ಗಿಸಿ ಹಿಂದೆ ಬರುವ ಗಂಡ. ಬೀದಿಯ ಕೊನೆಗೆ ನಾನು ಮೊಣಕಾಲು ಹಿಡಿದು ಏದುಸಿರು ಬಿಡುವುದು, ಅವರು ಬೆನ್ನು ಸವರುವುದು. ನಾನು ಅಳುತ್ತಿದ್ದೇನೆಂದು ತರಕಾರಿ ಗಾಡಿಯಾಕೆ ತೀರ್ಮಾನಿಸಿದಳು.

ಒಂದು ಭಾನುವಾರ ಆನೆಕೊಂಡದಿಂದ ನನ್ನ ಗಂಡನ ಸೋದರತ್ತೆ ಡಬ್ಬಿ ತುಂಬ ಶೇಂಗಾ ಹೋಳಿಗೆ ತುಂಬಿಕೊಂಡು ಆಟೋದಲ್ಲಿ ಬಂದಿಳಿದರು.

"ನೋಡವ್ವ, ಗಂಡಸರು ಅಂದ ಮ್ಯಾಲೆ ಒಂದು ಮಾತು ಅಂತಾರೆ. ಬೀದ್ಯಾಗೆ ಹಿಂಗೆ ಮುಖ ಊದಿಸ್ಕೊಂಡು ಅಡ್ಡಾಡಬ್ಯಾಡ."

ನಾನು ಸಮುದ್ರ, ಆಳ, ದಾಖಲೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಪೂರಾ ಕೇಳಿಸಿಕೊಂಡ ಅತ್ತೆ ಗಲ್ಲಕ್ಕೆ ಕೈಹಚ್ಚಿ ಕೇಳಿದರು: "ಅಲ್ಲವ್ವಾ, ಉಸಿರು ಹಿಡಿಯೋ ಅಷ್ಟು ಸಿಟ್ಟು ಯಾಕ ಬಂತು?"

ಆ ದಿನ ನಾವಿಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ದಾಖಲೆಗೆ ಹೆಸರು ಕೊಡುವ ಫಾರಂ ಬಂದ ಮೇಲೆ ಆ ನಗು ಉಳಿಯಲಿಲ್ಲ.

ದಾಖಲೆಗೆ ಇಳಿಯುವವರ ದೇಹ ಸರಿಯಾಗಿದೆ ಎಂದು ವೈದ್ಯರು ಸಹಿ ಮಾಡಬೇಕು. ಸಹಿ ಇಲ್ಲದಿದ್ದರೆ ನನ್ನನ್ನು ನೀರಿಗೇ ಬಿಡುವುದಿಲ್ಲ. ಫಾರಂ ಕಳಿಸಲು ನಾಲ್ಕು ದಿನ ಉಳಿದಿತ್ತು. ನಮ್ಮ ಕುಟುಂಬವನ್ನು ಮೊದಲಿನಿಂದ ನೋಡುವ ಡಾಕ್ಟರ ಹತ್ತಿರ ಹೋದೆವು. ಅವರೂ ಬೆಳಿಗ್ಗೆ ಅದೇ ಬೀದಿಯಲ್ಲಿ ವಾಕಿಂಗ್ ಮಾಡುವವರು. ಎರಡು ಸಲ ನಮಸ್ಕಾರ ಮಾಡಿದರೂ ನಾನು ಮಾತಾಡಿಸದೆ ದಾಟಿ ಹೋಗಿದ್ದೆನಂತೆ.

"ಮೇಡಂ, ನಾನು ಕಣ್ಣಾರೆ ನೋಡೀನಿ. ಮನೆಯಾಗೆ ಏನೋ ಐತೆ. ಇಂಥ ಹೊತ್ನಾಗೆ ಸಮುದ್ರಕ್ಕೆ ಇಳೀತೀನಿ ಅಂದ್ರೆ ನಾನು ಹೆಂಗೆ ಸಹಿ ಮಾಡ್ಲಿ? ನಾಳೆ ಏನಾರ ಆದ್ರೆ?"

ನನ್ನ ಗಂಡ ನಕ್ಕು, ನಡಿಗೆಯ ವಿಷಯ ವಿವರಿಸಿದರು. ಡಾಕ್ಟರು ಅರ್ಧ ನಂಬಿದರು. ಆದರೂ ಫಾರಂ ಕೆಳಗೆ ತಮ್ಮ ಕೈಯಿಂದಲೇ "ಪತಿಯ ಒಪ್ಪಿಗೆ ಇದೆ" ಎಂದು ಬರೆದರು. "ಇಲ್ಲೊಂದು ಸಹಿ ಹಾಕ್ರಿ ಸರ್. ಆಮೇಲೆ ನಂದು."

"ಒಂದು ಸಹಿ ತಾನೇ, ಕೆಲಸ ಆಗ್ಲಿ ಬಿಡು" ಎನ್ನುತ್ತ ನನ್ನ ಗಂಡ ಕಿಸೆಯಿಂದ ಪೆನ್ನು ತೆಗೆದರು.

ಊರು ಹೇಳುತ್ತಿದ್ದ ಜಗಳ ಆ ಕ್ಷಣ ನಿಜವಾಯಿತು. ನನಗೆ ಡಾಕ್ಟರಿಗಿಂತ ಆ ಪೆನ್ನಿನ ಮೇಲೆ ಸಿಟ್ಟು ಬಂತು. ಹುಡುಗಿಯಾಗಿದ್ದಾಗ ಅಪೆಂಡಿಕ್ಸ್ ತೆಗೆದರು, ಸಹಿ ಅಪ್ಪನದು. ಹೆರಿಗೆಯಲ್ಲಿ ಹೊಟ್ಟೆ ಕೊಯ್ದರು, ಸಹಿ ಗಂಡನದು. ಪಿತ್ತಕೋಶದ ಆಪರೇಷನ್ ದಿನ ನಾನು ಪೂರ್ತಿ ಎಚ್ಚರದಲ್ಲಿದ್ದೆ, ಆದರೂ ನರ್ಸ್ ಕಾಗದವನ್ನು ನನ್ನ ಹೊಟ್ಟೆಯ ಮೇಲಿಂದಲೇ ಆಚೆ ಕಡೆ ಅವರ ಕೈಗೆ ದಾಟಿಸಿದಳು. ಆಗೆಲ್ಲ ನನಗೆ ಏನೂ ಅನ್ನಿಸಿರಲಿಲ್ಲ. ಈಗ ಮೈಯೆಲ್ಲ ಉರಿಯಿತು.

"ಬ್ಯಾಡ. ಪೆನ್ನು ಒಳಗಿಡ್ರಿ" ಎಂದೆ. ಡಾಕ್ಟರ ಕಡೆ ತಿರುಗಿದೆ. "ಕಿವಿ ನೋಡ್ರಿ, ಎದೆ ನೋಡ್ರಿ, ಇ.ಸಿ.ಜಿ. ತೆಗೀರಿ. ಏನಾರ ಕೆಟ್ಟದ್ದು ಕಂಡ್ರೆ ನೀವೇ ಫಾರಂ ಹರೀರಿ, ನಾ ತುಟಿ ಬಿಚ್ಚಂಗಿಲ್ಲ. ಕಾಣ್ಲಿಲ್ಲ ಅಂದ್ರೆ ಸಹಿ ಮಾಡ್ರಿ. ಇವರ ಸಹಿ ಬಿದ್ರೆ ನನ್ನ ಕಿವಿ ತಮಟೆ ಏನು ಗಟ್ಟಿ ಆಗ್ತೈತಾ?"

ಅವರು ಮುಖ ಗಂಟಿಕ್ಕಿಕೊಂಡೇ ಪರೀಕ್ಷೆ ಮಾಡಿದರು. ಎರಡೂ ಕಿವಿಯನ್ನು ಎರಡೆರಡು ಸಲ ನೋಡಿದರು. ಉಸಿರಿನ ಬಲ ಅಳೆಯುವ ಕೊಳವೆಯಲ್ಲಿ ಊದಿಸಿ, ಬಂದ ಅಂಕಿ ನಂಬದೆ ಯಂತ್ರಕ್ಕೊಂದು ಏಟು ಕೊಟ್ಟು ಮತ್ತೆ ಊದಿಸಿದರು. ಎಲ್ಲಿಯೂ ತಪ್ಪು ಸಿಗಲಿಲ್ಲ. ಆದರೂ ಪೆನ್ನು ಎತ್ತಲಿಲ್ಲ. ನಾನೂ ಕುರ್ಚಿ ಬಿಟ್ಟು ಏಳಲಿಲ್ಲ. ಹೊರಗೆ ರೋಗಿಗಳು ಗೊಣಗುತ್ತಿದ್ದರು, ಕಂಪೌಂಡರ್ ಮೂರು ಸಲ ಇಣುಕಿ ಹೋದ. ಮೈಯೆಲ್ಲ ಎದ್ದೇಳು ಎಂದು ಕೂಗುವಾಗ ಸುಮ್ಮನಿರುವುದನ್ನೇ ನಾನು ವರ್ಷಗಟ್ಟಲೆ ಕಲಿತಿದ್ದು.

ಕೊನೆಗೆ ಡಾಕ್ಟರು ನನ್ನ ಗಂಡನನ್ನು ಕೇಳಿದರು: "ನಿಮಗಾದ್ರೂ ಹೆದರಿಕೆ ಆಗಲ್ಲೇನ್ರಿ?"

ಇವರು ಏನೋ ತಮಾಷೆ ಮಾಡಿ ತೇಲಿಸುತ್ತಾರೆ ಎಂದುಕೊಂಡೆ.

"ಆಗ್ತೈತ್ರಿ" ಎಂದರು. "ದಿನಾ ಆಗ್ತೈತೆ. ಇವಳು ಉಸಿರು ಬಿಡೋ ತನಕ ನಾನೂ ಬಿಡಂಗಿಲ್ಲ."

ಡಾಕ್ಟರು ಫಾರಂ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ತಮ್ಮ ಜಾಗದಲ್ಲಿ ಸಹಿ ಮಾಡಿ, ಸೀಲು ಒತ್ತಿ, ಫಾರಂ ನನ್ನ ಕಡೆ ತಳ್ಳಿದರು. ಪತಿಯ ಒಪ್ಪಿಗೆಯ ಸಾಲು ಕೆಳಗೆ ಹಾಗೇ ಇತ್ತು, ಪಕ್ಕದಲ್ಲಿ ಖಾಲಿ ಜಾಗ.

ಅಷ್ಟು ತಿಂಗಳು ನನ್ನ ಬೆನ್ನ ಹಿಂದೆ ಅವರೂ ಉಸಿರು ಹಿಡಿದು ನಡೆದಿದ್ದರು, ನಾನು ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಮೇಜಿನ ಮೇಲಿನ ಪೆನ್ನು ಎತ್ತಿಕೊಂಡು ಆ ಸಾಲಿನ ಮೇಲೆ ಎರಡು ಗೆರೆ ಎಳೆದೆ, ಪಕ್ಕದಲ್ಲಿ ನನ್ನ ಸಹಿ ಹಾಕಿದೆ. ಹಾಕುವಾಗ ಅವರ ಕಡೆ ನೋಡಲಿಲ್ಲ. ನೋಡಿದ್ದರೆ, ಪ್ರೀತಿಗಾದರೂ ಅವರೂ ಒಂದು ಸಹಿ ಹಾಕಲಿ ಅನ್ನಿಸಿಬಿಡುತ್ತಿತ್ತು.