ಅಲಮಾರಿಗೆ ಜೋಡಿ

ವಾಲಾಡುವ ಕನ್ನಡಿ ಎಂದರೆ ಮುರಿದ ಕನ್ನಡಿ ಎಂದೇ ಮರಿಸ್ವಾಮಿ ತಿಳಿದಿದ್ದ. ಹಟ್ಟಿಯ ಗಣಿ ಸಾಹೇಬನೊಬ್ಬ ಊರು ಬಿಡುವಾಗ ಹರಾಜಿಗಿಟ್ಟಿದ್ದ ಕನ್ನಡಿ ಅಲಮಾರಿಯನ್ನು ಬಂಡಿಯಲ್ಲಿ ಮಸ್ಕಿಗೆ ತಂದವನೇ, ಮೇಲಕ್ಕೂ ಕೆಳಕ್ಕೂ ಆಡುತ್ತಿದ್ದ ಕನ್ನಡಿ ಮೇಲ್ಮುಖವಾಗಿದ್ದಾಗಲೇ ಅದಕ್ಕೆ ನಾಲ್ಕು ಮೊಳೆ ಜಡಿದು 'ರಿಪೇರಿ' ಮಾಡಿಬಿಟ್ಟ. ಅಂದಿನಿಂದ ಅದರಲ್ಲಿ ಮನೆಯ ಜಂತಿ ಬಿಟ್ಟರೆ ಬೇರೇನೂ ಕಾಣಲಿಲ್ಲ. ಲಿಂಗಸೂಗೂರಿನ ಹತ್ತಿ ಜಿನ್ನಿನಲ್ಲಿ ಕೂಲಿಗಳ ಹಾಜರಿ ಹಿಡಿಯುವ ಗುಮಾಸ್ತ ಅವನು. ತಪ್ಪು ಒಪ್ಪಿಕೊಳ್ಳುವುದಕ್ಕಿಂತ ಮುಟ್ಟಿ ನೋಡಿಕೊಂಡೇ ಗಡ್ಡ ಹೆರೆಯುವುದು ಲೇಸೆಂದು ಮೂರು ವರ್ಷ ತಳ್ಳಿದ.

೧೯೫೩ರ ಕಾರಹುಣ್ಣಿಮೆಯ ಮರುದಿನ ಸಾಲಗುಂದದಿಂದ ಹೆಣ್ಣಿನ ಕಡೆಯವರು ಮನೆ ನೋಡಲು ಬರುವವರಿದ್ದರು. ಹಿಂದಿನ ಎರಡು ಸಂಬಂಧ ಹೊಸ್ತಿಲಲ್ಲೇ ಮುರಿದಿದ್ದವು. ಈ ಸಲ ಅಲಮಾರಿಯಾದರೂ ಮಾನ ಉಳಿಸಲಿ ಎಂದು, ಚಕ್ಕೆ ಎದ್ದ ಅದರ ಹಳೆಯ ಬಿಳಿ ಬಣ್ಣದ ಮೇಲೆ ಹೊಸದು ಹೊಡೆಸಲು ಹಬ್ಬದ ಮಧ್ಯಾಹ್ನ ದಸ್ತಗೀರ್‌ಸಾಬನನ್ನು ಕರೆತಂದ.

ದಸ್ತಗೀರ್‌ಸಾಬ ಮೂವತ್ತು ವರ್ಷದಿಂದ ಹಬ್ಬಕ್ಕೆ ಎತ್ತಿನ ಕೋಡಿಗೆ ಬಣ್ಣ ಹಚ್ಚುವವನು. ಎತ್ತು ಕೊಳ್ಳುವವರೂ ಅವನನ್ನು ಕೇಳದೆ ಕೊಳ್ಳುತ್ತಿರಲಿಲ್ಲ. ಮುಖ ನೋಡಿ ಮಾತಾಡುವ ಚಟ ಅವನಿಗಿರಲಿಲ್ಲ. ಸ್ವಂತ ಅಳಿಯ ಮಾರಲು ತಂದ ಎತ್ತನ್ನೂ ತುಂಬಿದ ಸಂತೆಯಲ್ಲಿ "ಕುಂಟೈತಿ" ಎಂದುಬಿಟ್ಟಿದ್ದ.

ಅವನು ಅಲಮಾರಿಯನ್ನು ಒಂದು ಸುತ್ತು ಹಾಕಿದ. ಬೆನ್ನು ತಟ್ಟಿದ. ಕುಕ್ಕರುಗಾಲಲ್ಲಿ ಕೂತು ಅದರ ಕಾಲು ನೋಡಿದ.

"ಇದರ ಜೋಡಿ ಎಲ್ಲೈತ್ರಿ?"

"ಜೋಡಿ ಎಲ್ಲಿಂದ ತರ್ಲಿ? ಇದೊಂದ ಐತಿ."

"ಒಂಟಿಗೆ ನಾ ಹಚ್ಚಾಂವಲ್ಲ. ನಮ್ಮ ಅಬ್ಬಾನ ಕಾಲದಿಂದ ಜೋಡಿಗೇ ಹಚ್ಚೂದು. ಒಂದಕ ಹಚ್ಚಿ ಒಂದಕ ಬಿಟ್ರ ಬಿಟ್ಟಿದ್ದು ಮುನಿಸ್ಕೊಂಡು ಮೇವು ಬಿಡತೈತಿ."

"ಅಣ್ಣಾ, ಇದು ಕಟ್ಟಿಗಿ!"

"ಕೋಡೇನು ಹೂವಿಂದೇನ್ರಿ?"

ಜೋಡಿ ಎಂದರೆ ಎತ್ತರ ಸಮ ಇರಬೇಕು. ಮನೆಯಲ್ಲಿ ಅಲಮಾರಿಯಷ್ಟೇ ಎತ್ತರ ಇದ್ದದ್ದು ಮರಿಸ್ವಾಮಿ ಒಬ್ಬನೇ. ಸಾಬ ಅವನನ್ನೇ ಅದರ ಎಡಕ್ಕೆ ನಿಲ್ಲಿಸಿದ. ಅಲಮಾರಿಯ ಕಾಲಿಗೆ ಕೆಂಪು, ಖಾನೆಗಳಿಗೆ ಹಳದಿ, ಮೇಲಿನ ಎರಡು ತುದಿಗೆ ನೀಲಿ ಬಳಿದ. ಹಿಡಿಕೆಗಳಿಗೆ ಗೊಂಡೆ ಕಟ್ಟಿದ. ಉಳಿದ ನೀಲಿಯನ್ನು ಮರಿಸ್ವಾಮಿಯ ಎರಡೂ ಕಿವಿಗೆ ಸವರಿದ.

"ಅಳ್ಳಾಡಬ್ಯಾಡ್ರಿ... ಹಾಂ, ಶಾಬಾಸ್."

ನೂರು ಕೂಲಿಗಳನ್ನು ಗದರಿಸಿ ಸಾಲಾಗಿ ನಿಲ್ಲಿಸುವ ಗುಮಾಸ್ತ, ಮೂಗುದಾರದ ಅಗತ್ಯವೇ ಇಲ್ಲದಂತೆ ನಿಂತ.

ಸಾಬ ಹೋದ ಮೇಲೆ ಸೀಮೆಎಣ್ಣೆ ಹಚ್ಚಿ ಕಿವಿ ತಿಕ್ಕಿಕೊಂಡ. ಕನ್ನಡಿಯಲ್ಲಿ ನೋಡಿದರೆ ಜಂತಿ.

"ಹೋತೇನವ್ವಾ?"

"ಹೋತು ಹೋತು," ಎಂದಳು ತಾಯಿ ಸಂಗಮ್ಮ, ಬಾಣಲೆಯಿಂದ ಕಣ್ಣೆತ್ತದೆ.

ಮರುದಿನ ಹೆಣ್ಣಿನ ಅಜ್ಜಿ ಗದ್ದೆಮ್ಮ ನಾಲ್ಕು ಮಂದಿಯೊಂದಿಗೆ ಬಂದಳು. ಅಲಮಾರಿ ನೋಡಿದಳು. ಹುಡುಗನ ಕಿವಿ ನೋಡಿದಳು. ಮತ್ತೆ ಅಲಮಾರಿ ನೋಡಿದಳು. ಜೊತೆಗೆ ಬಂದವರು ಮಿರ್ಚಿ ತಿನ್ನುವುದನ್ನು ನಿಲ್ಲಿಸಿದರು. ಮರಿಸ್ವಾಮಿಯ ಕೈ ತಾನಾಗಿ ಕಿವಿಗೆ ಹೋಯಿತು. ಮೂರನೆಯ ಸಂಬಂಧವೂ ಮುರಿಯಿತೆಂದು ಅವನಿಗೆ ಖಾತ್ರಿಯಾಯಿತು.

ಬಣ್ಣ ಒಣಗಿತೇ ಎಂದು ನೋಡಲು ಬಂದ ದಸ್ತಗೀರ್‌ಸಾಬ ಬಾಗಿಲ ಬಳಿ ಚಹಾ ಕುಡಿಯುತ್ತಿದ್ದ. ಗದ್ದೆಮ್ಮ ಅವನ ಕಡೆ ತಿರುಗಿದಳು.

"ಸಾಬಣ್ಣ, ಮನ್ಯಾಗಿನ ಎರಡು ಜೋಡಿ ಎತ್ತೂ ನಿನ್ನ ಮಾತಿನ ಮ್ಯಾಲ ತಂದೀನಿ. ಇವತ್ತು ಮೊಮ್ಮಗಳದೂ ನಿನ್ನ ಮಾತಿನ ಮ್ಯಾಲ. ಎಲ್ಲಾರ ಮುಂದ ಖರೇ ಹೇಳು, ಈ ಹುಡುಗಗ ತಲಿ ನೆಟ್ಟಗ ಐತೇನು?"

ದಸ್ತಗೀರ್‌ಸಾಬ ಬಟ್ಟಲು ಕೆಳಗಿಟ್ಟು ಮರಿಸ್ವಾಮಿಯನ್ನು ಕಾಲಿನಿಂದ ಕಿವಿಯವರೆಗೆ ನೋಡಿದ.

"ಇಲ್ಲಬೇ. ಆದ್ರ ಹಾಯಂಗಿಲ್ಲ, ಒದಿಯಂಗಿಲ್ಲ, ನಿಲ್ಲು ಅಂದಲ್ಲಿ ನಿಂದ್ರತೈತಿ."