ದೇವಾಪುರದಲ್ಲಿ ಓದಿದ ತೀರ್ಪು

ಯಾದಗಿರಿಯಿಂದ ಬೆಳಗಿನ ಬಸ್ಸಿಗೆ ಹೊರಟಾಗ ಮೋಡ ಕವಿದಿತ್ತು, ಮಳೆ ಇರಲಿಲ್ಲ. ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ, ಕರೆದ ಕಡೆ ಹೋಗಿ ದೇವರ ವಾಕ್ಯ ಬೋಧಿಸುವುದು ನನ್ನ ಕೆಲಸ. ಈ ಸಲ ಕರೆದದ್ದು ಸುರಪುರದ ಹತ್ತಿರದ ದೇವಾಪುರದ ಸಣ್ಣ ಕ್ರೈಸ್ತ ಸಭೆ. ಭೀಮಾ ಸೇತುವೆ ದಾಟಿ ಶಹಾಪುರದಲ್ಲಿ ಬಸ್ಸು ಬದಲಿಸುವಾಗ ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ತಿಂದೆ. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ನನ್ನ ಬೋಧನೆ ಕೇಳಿ ಯಾರೂ ಅಷ್ಟು ಅತ್ತದ್ದನ್ನು ನಾನು ಕಂಡಿಲ್ಲ. ಮುಂದೆ ದಾರಿಯುದ್ದಕ್ಕೂ ಕಾಲುವೆ ನೀರಿನ ಭತ್ತದ ಗದ್ದೆಗಳು.

ಸುರಪುರದಲ್ಲಿ ಸಭೆಯ ಹಿರಿಯ ಯೇಸಪ್ಪ ಬೈಕ್ ತಂದು ಕಾದಿದ್ದ.

“ಕಾಲುವಿ ಮ್ಯಾಲಿನ ಊರವರು ನೀರು ಕದ್ದು ಭತ್ತ ಹಚ್ಯಾರ್ರಿ. ನನ್ನ ತಂಗಿ ರತ್ನಮ್ಮ ಗಂಡ ಇಲ್ಲದಾಕಿ, ಆಕಿ ಹೊಲ ಕಾಲುವಿ ಕೊನಿಗೈತಿ. ಕಾಯಿ ಕಟ್ಟಿದ ಹತ್ತಿ ಒಣಗಾಕತ್ತೈತಿ. ಅಂಥ ಕಳ್ಳರಿಗೆ ದೇವರು ಏನ್ ಮಾಡ್ತಾನಂತ ಗಟ್ಟಿಯಾಗಿ ಹೇಳ್ರಿ.”

ಹೇಳುತ್ತೇನೆ ಎಂದೆ. ಸಿಟ್ಟು ನನಗೂ ಮೂಗಿನ ತುದಿಯಲ್ಲೇ ಇರುತ್ತದೆ.

ಮಧ್ಯಾಹ್ನ ಅವನ ಹೆಂಡತಿ ಸುಶೀಲಮ್ಮ ರೊಟ್ಟಿ, ಶೇಂಗಾ ಹಿಂಡಿ ಆದ ಮೇಲೆ ಅನ್ನ ಬಡಿಸಿದಳು. “ನಮ್ಮ ಹೊಲದ್ದ ಅಕ್ಕಿರಿ, ಇನ್ನೊಂದೀಟು ಹಾಕಿಸ್ಕೋರಿ” ಎಂದಳು. ಹಾಕಿಸಿಕೊಂಡೆ.

ಸಂಜೆ ಸಭೆ ಕೂಡಿತು. ಬೈಬಲಿನಿಂದ ಇಬ್ರಿಯ ಪ್ರವಾದಿಯ ಮಾತು ಓದಿದೆ. ದೇವರು ಸಾಕಿದ ಜನಾಂಗವೇ ಆತನಿಗೆ ತಿರುಗಿಬಿದ್ದದ್ದು, ವಿಧವೆಯ ನ್ಯಾಯಕ್ಕೆ ಕಿವಿಗೊಡದಿದ್ದದ್ದು, ಕೊನೆಗೆ ಆ ಜನರ ಕಣ್ಣೆದುರೇ ನಾಡು ಹಾಳಾದದ್ದು. ಮೇಲಿನ ಊರವರನ್ನು ಮನಸ್ಸಿನಲ್ಲಿಟ್ಟುಕೊಂಡೇ ದನಿ ಏರಿಸಿದೆ.

ಆ ಸಭೆಯಲ್ಲೊಂದು ರೂಢಿಯಿದೆ. ಓದು ಮುಗಿದ ಮೇಲೆ ಹಿರಿಯ ಎದ್ದು “ಈ ಮಾತು ಯಾರಿಗೆ?” ಎಂದು ಕೇಳಬೇಕು, ಎಲ್ಲರೂ “ನಮಗ” ಎನ್ನಬೇಕು. ಬೇರೆಯವರಿಗೆ ಎನ್ನುವ ಹಾಗಿಲ್ಲ. ಯೇಸಪ್ಪ ಕೇಳಿದ. ರತ್ನಮ್ಮ ಒಬ್ಬಳು ಬಾಯಿ ತೆರೆಯಲಿಲ್ಲ.

“ಯಾಕವಾ ತಂಗಿ?” ಎಂದ.

“ನೀನೂ ಕಾಲುವಿಗೆ ಪೈಪ್ ಹಾಕೀದಿ, ಯಣ್ಣ. ನಿನ್ನ ಭತ್ತಕ್ಕ ಹರಿದು ಉಳಿದ್ರ ನನಗ ನೀರು. ಈ ಮಾತು ಯಾರಿಗಂತ ಮೊದಲು ನೀ ಒಬ್ಬನ ಹೇಳು.”

ಪ್ರವಾದಿ ಬೈದದ್ದು ಪರರನ್ನಲ್ಲ, ತನ್ನವರನ್ನೇ. ಮಧ್ಯಾಹ್ನ ಉಂಡ ಅನ್ನ ಯಾವ ನೀರಿನದೆಂದು ತಿಳಿದು ನನಗೆ ನಾಚಿಕೆಯಾಯಿತು.

ಯೇಸಪ್ಪ “ನನಗ” ಎಂದ. ಪ್ರಾರ್ಥನೆಗೂ ಕಾಯದೆ ಕಾಲುವೆಯ ಕಡೆ ನಡೆದ.

“ಭತ್ತ ಹಾಲುಗಾಳು ಕಟ್ಟಾಕತ್ತೈತಿ! ಇನ್ನೆರಡು ನೀರು ಬೇಕು!” ಎನ್ನುತ್ತ ಸುಶೀಲಮ್ಮ ಅವನ ಹಿಂದೆ ಓಡಿದಳು.

ಮರುದಿನ ಬೆಳಿಗ್ಗೆ ಯೇಸಪ್ಪ ಕಾಲುವೆ ದಾರಿಯಲ್ಲೇ ನನ್ನನ್ನು ಕರೆದೊಯ್ದ. ಅವನು ಕಿತ್ತ ಪೈಪು ದಂಡೆಯ ಮೇಲೆ ಬಿದ್ದಿತ್ತು, ನೀರು ಕೊನೆಯ ಹೊಲಗಳ ಕಡೆ ಹರಿಯುತ್ತಿತ್ತು. ತಮ್ಮ ಗದ್ದೆಯ ಬದುವಿನಲ್ಲಿ ಸುಶೀಲಮ್ಮ ನಿಂತಿದ್ದಳು. ಬೈಕ್ ನಿಲ್ಲಿಸಲು ಹೇಳಿ, ಇಳಿದು ಕೈಮುಗಿದೆ.

“ನೀವು ಓದಿ ಹೊಂಟ್ರಿ, ಮಾಸ್ತರ್ರ,” ಎಂದಳು. “ಇದು ಒಣಗೋದು ನಾ ದಿನಾ ನೋಡಬೇಕು.”

ಸುರಪುರ ಮುಟ್ಟುವವರೆಗೂ ಹಿಂದಿರುಗಿ ನೋಡಲು ನನಗೆ ಧೈರ್ಯ ಬರಲಿಲ್ಲ.